ಐ ಟು ಪಿ ಕೆಟ್ಟಿದೆ ಅನ್ನೋ ಮೊದಲು

ಆಫೀಸಿನಲ್ಲಿ ಏನಾದ್ರೂ ಕೈಕೊಟ್ಟರೆ ನಾವು ಸಾಫ್ಟ್‌ವೇರ್‌ನವರು ಮೊದಲು ಲಾಗ್ ತೆಗೆದು ನೋಡ್ತೀವಿ. ಲಾಗ್‌ನಲ್ಲಿ ಎಲ್ಲ ಸರಿಯಾಗಿದ್ರೆ ‘ನಮ್ಮ ಕಡೆ ತೊಂದರೆ ಇಲ್ಲ’ ಅಂತ ಒಂದು ಮೆಸೇಜ್ ಹಾಕಿ ಟಿಕೆಟನ್ನ ಪಕ್ಕದ ಟೀಮಿಗೆ ದಾಟಿಸ್ತೀವಿ. ಕಾರ್ಖಾನೆಯಲ್ಲಿ ಅಷ್ಟಕ್ಕೆ ಕೆಲಸ ಮುಗಿಯೋಲ್ಲ. ಅಲ್ಲಿ ಸ್ಕ್ರೀನ್ ಮೇಲೆ ‘ವಾಲ್ವ್ 50%’ ಅಂತ ಕಂಡರೆ ಅದು ಸಾಮಾನ್ಯವಾಗಿ ನಾವು ವಾಲ್ವಿಗೆ ಕೊಟ್ಟ ಆಜ್ಞೆ ಅಷ್ಟೇ. ವಾಲ್ವ್ ನಿಜವಾಗಿ ಎಷ್ಟು ತೆರೆದಿದೆ ಅನ್ನೋದು ಬೇರೆ ವಿಷಯ. ಎರಡರ ನಡುವೆ ತಂತಿ ಇದೆ, ಗಾಳಿ ಇದೆ, ಸ್ಪ್ರಿಂಗ್ ಇದೆ, ತುಕ್ಕೂ ಇದೆ.

ನಾನು ಓದಿದ್ದು ಇನ್‌ಸ್ಟ್ರುಮೆಂಟೇಷನ್ ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಹಿಡಿದದ್ದು ಸಾಫ್ಟ್‌ವೇರ್. ಕಾರ್ಖಾನೆಗಳ ಕಂಟ್ರೋಲ್ ರೂಮಿನಲ್ಲಿ ಕಾಣೋ ಸ್ಕ್ರೀನ್‌ಗಳನ್ನ ಬರೆಯೋದು ನನ್ನ ಕೆಲಸ. ಹಾಗಾಗಿ ವರ್ಷಕ್ಕೆ ನಾಲ್ಕಾರು ಸಲ ಲ್ಯಾಪ್‌ಟಾಪ್ ಮುಚ್ಚಿಟ್ಟು, ಹೆಲ್ಮೆಟ್ ಹಾಕಿಕೊಂಡು ಪೈಪುಗಳ ನಡುವೆ ನಿಲ್ಲಬೇಕಾಗುತ್ತೆ. ಅಲ್ಲಿ ಎಲ್ಲರಿಗಿಂತ ಹೆಚ್ಚು ಬೈಗುಳ ತಿನ್ನೋ ಒಂದು ಪುಟ್ಟ ಡಬ್ಬಿ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಹೆಸರು ಐ ಟು ಪಿ ಕನ್ವರ್ಟರ್. ‘ಐ’ ಅಂದ್ರೆ ವಿದ್ಯುತ್ ಪ್ರವಾಹ, ‘ಪಿ’ ಅಂದ್ರೆ ಪ್ರೆಶರ್, ಒತ್ತಡ. ವಿದ್ಯುತ್ತಿನ ಭಾಷೆಯನ್ನ ಗಾಳಿಯ ಭಾಷೆಗೆ ತರ್ಜುಮೆ ಮಾಡೋದೇ ಅದರ ಉದ್ಯೋಗ.

ಈ ಡಬ್ಬಿ ಕೈಕೊಟ್ಟಾಗ ಏನು ಮಾಡಬೇಕು ಅನ್ನೋದೇ ಈ ಸಲದ ಅಂಕಣ. ನಿಮ್ಮಲ್ಲಿ ಆಟೊಮೇಷನ್ ಪ್ರಾಜೆಕ್ಟಿಗೆ ಹೊಸದಾಗಿ ಸೇರಿದವರಿಗೆ ಇದು ನೇರವಾಗಿ ಕೆಲಸಕ್ಕೆ ಬರುತ್ತೆ. ಉಳಿದವರೂ ಓದಿ. ಬೆಳಿಗ್ಗೆ ನಿಮ್ಮ ಮನೆಗೆ ಬರೋ ಹಾಲಿನ ಪ್ಯಾಕೆಟ್ ಕೂಡ ಇಂಥದ್ದೊಂದು ಡಬ್ಬಿಯ ಮಾತು ಕೇಳಿಕೊಂಡೇ ಬಂದಿರಬಹುದು.

ಈ ಕಾಲದಲ್ಲೂ ಗಾಳಿ ಯಾಕೆ?

ಮೋಟಾರ್ ಇಟ್ಟು ವಾಲ್ವ್ ತಿರುಗಿಸಬಹುದಲ್ಲ, ಗಾಳಿ ಯಾಕೆ ಅಂತ ಕೇಳೋರಿದ್ದಾರೆ. ಉತ್ತರ ಸರಳ. ಗಾಳಿಯಿಂದ ಕಿಡಿ ಹಾರೋಲ್ಲ, ಹಾಗಾಗಿ ಗ್ಯಾಸ್, ಪೆಟ್ರೋಲ್, ಸಾಲ್ವೆಂಟ್ ಇರೋ ಕಡೆ ಭಯ ಕಡಿಮೆ. ಅಗಲವಾದ ಒಂದು ರಬ್ಬರ್ ಡಯಾಫ್ರಮ್ ಮೇಲೆ ಸ್ವಲ್ಪ ಒತ್ತಡ ಬಿದ್ದರೂ ದೊಡ್ಡ ಬಲ ಸಿಗುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿ ನಿಂತುಹೋದರೆ ಒಳಗಿನ ಸ್ಪ್ರಿಂಗ್ ವಾಲ್ವನ್ನ ತಾನಾಗಿಯೇ ಸುರಕ್ಷಿತ ಕಡೆಗೆ ತಳ್ಳುತ್ತೆ. ಹಬೆಯ ವಾಲ್ವ್ ಆದ್ರೆ ಮುಚ್ಚಿಕೊಳ್ಳುತ್ತೆ. ತಣ್ಣೀರಿನದ್ದಾದ್ರೆ ಬಹಳ ಕಡೆ ತೆರೆದುಕೊಳ್ಳೋ ಹಾಗೆ ಇಟ್ಟಿರ್ತಾರೆ.

ಇದಕ್ಕೆ ಒಂದು ಹಳೇ ಲೆಕ್ಕವೂ ಇದೆ. ಕಂಪ್ಯೂಟರ್ ಬರೋ ಮೊದಲು ಇಡೀ ಕಾರ್ಖಾನೆ ಗಾಳಿಯಲ್ಲೇ ಯೋಚಿಸ್ತಿತ್ತು. ನಾವು ಇವತ್ತು ಕೋಡ್‌ನಲ್ಲಿ ಬರೆಯೋ ಪಿಐಡಿ ಕಂಟ್ರೋಲರನ್ನ ಟ್ಯೂನ್ ಮಾಡೋಕೆ ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ನಿಯಮ ಕೊಟ್ಟಾಗ ಅವರ ಮುಂದಿದ್ದದ್ದು ಗಾಳಿಯಲ್ಲಿ ನಡೆಯೋ ಕಂಟ್ರೋಲರ್‌ಗಳೇ. ಆಗಿನ ಗಾಳಿಯ ಸಿಗ್ನಲ್ 3ರಿಂದ 15 ಪಿಎಸ್‌ಐ. ಆಮೇಲೆ ಬಂದ ವಿದ್ಯುತ್ ಸಿಗ್ನಲ್ 4ರಿಂದ 20 ಮಿಲಿ ಆಂಪ್. ಎರಡರಲ್ಲೂ ತಳಕ್ಕೂ ತುದಿಗೂ ಒಂದಕ್ಕೈದರ ಅನುಪಾತ ಇದೆ ನೋಡಿ.

ಎರಡೂ ಸೊನ್ನೆಯಿಂದ ಶುರುವಾಗೋಲ್ಲ ಅನ್ನೋದನ್ನೂ ಗಮನಿಸಿ. 4 ಮಿಲಿ ಆಂಪ್ ಬಂದರೆ ‘ವಾಲ್ವ್ ಮುಚ್ಚು’ ಅಂತ ಅರ್ಥ. 0 ಬಂದರೆ ‘ತಂತಿ ಕಿತ್ತುಹೋಗಿದೆ’ ಅಂತ ಅರ್ಥ. ಸುಮ್ಮನಿರೋದಕ್ಕೂ ಸತ್ತುಹೋಗಿರೋದಕ್ಕೂ ವ್ಯತ್ಯಾಸ ಗೊತ್ತಾಗಲಿ ಅಂತ ಹಿರಿಯರು ಮಾಡಿದ ಏರ್ಪಾಡು. ನಮ್ಮ ಕೋಡ್‌ನಲ್ಲಿ ‘ನಲ್’ ಬೇರೆ, ‘ಸೊನ್ನೆ’ ಬೇರೆ ಅಂತ ಇಟ್ಟುಕೊಳ್ಳೋ ಹಾಗೆ.

ಡಬ್ಬಿಯೊಳಗೆ ಏನಿದೆ?

ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದ್ದೀರಲ್ಲ? ಬೆರಳು ಹತ್ತಿರ ತಂದಷ್ಟೂ ಪೈಪಿನೊಳಗೆ ಒತ್ತಡ ಏರುತ್ತೆ. ಬೆರಳು ಸಡಿಲಿಸಿದ್ರೆ ಇಳಿಯುತ್ತೆ. ಮಾಮೂಲಿ ಐ ಟು ಪಿ ಒಳಗಿನ ಉಪಾಯ ಇಷ್ಟೇ.

ಸುಮಾರು 20 ಪಿಎಸ್‌ಐ ಗಾಳಿ ಒಳಗೆ ಬರುತ್ತೆ. ಅದರಲ್ಲಿ ಸ್ವಲ್ಪ ಪಾಲು ಸೂಜಿ ಮೊನೆಯಂಥ ಒಂದು ಸಣ್ಣ ತೂತು ದಾಟಿ ಒಂದು ನಾಝಲ್ ಕಡೆಗೆ ಹೋಗುತ್ತೆ. ನಾಝಲ್ ಬಾಯಿಯ ಮುಂದೆ ಒಂದು ತೆಳು ಪಟ್ಟಿ ಇರುತ್ತೆ. ಅದೇ ಹೆಬ್ಬೆರಳು. ಆ ಪಟ್ಟಿಯನ್ನ ಅಯಸ್ಕಾಂತದ ನಡುವೆ ಇರೋ ಒಂದು ತಂತಿಯ ಸುರುಳಿ ಅಲುಗಿಸುತ್ತೆ. ಮಿಲಿ ಆಂಪ್ ಹೆಚ್ಚಾದ್ರೆ ಪಟ್ಟಿ ನಾಝಲ್‌ಗೆ ಹತ್ತಿರ ಬರುತ್ತೆ, ಹಿಂದಿನ ಒತ್ತಡ ಏರುತ್ತೆ. ಆ ಸಣ್ಣ ಒತ್ತಡವನ್ನ ಒಂದು ರಿಲೇ ದೊಡ್ಡದು ಮಾಡಿ ವಾಲ್ವಿಗೆ ಕಳಿಸುತ್ತೆ.

ಲೆಕ್ಕ ಇಟ್ಟುಕೊಳ್ಳೋದು ಸುಲಭ. ಮಿಲಿ ಆಂಪನ್ನ ಮುಕ್ಕಾಲಿನಿಂದ ಗುಣಿಸಿದ್ರೆ ಪಿಎಸ್‌ಐ ಬರುತ್ತೆ. 4ಕ್ಕೆ 3, 8ಕ್ಕೆ 6, 12ಕ್ಕೆ 9, 16ಕ್ಕೆ 12, 20ಕ್ಕೆ 15. ಇದಿಷ್ಟು ಬಾಯಲ್ಲಿದ್ರೆ ಅರ್ಧ ತನಿಖೆ ಮುಗಿದ ಹಾಗೆ.

ಎರಡು ಮಾತು ಇಲ್ಲೇ ಹೇಳಿಬಿಡ್ತೀನಿ. ಈ ಡಬ್ಬಿಯಿಂದ ಸದಾ ‘ಸುಯ್’ ಅಂತ ಸಣ್ಣ ಸದ್ದು ಬರ್ತಾ ಇರುತ್ತೆ. ಅದು ಸೋರಿಕೆ ಅಲ್ಲ, ಅದರ ಉಸಿರು. ಆ ಗಾಳಿ ಹೊರಗೆ ಹೋಗೋ ಕಿಂಡಿಯನ್ನ ಟೇಪ್ ಸುತ್ತಿ ಮುಚ್ಚಿದ್ರೆ ಡಬ್ಬಿ ಹುಚ್ಚು ಹಿಡಿದ ಹಾಗೆ ಆಡುತ್ತೆ. ಕಣಜದ ಹುಳು ಮಣ್ಣು ತಂದು ಗೂಡು ಕಟ್ಟಿದ್ರೂ ಅದೇ ಗತಿ. ಎರಡನೇದು, ಬಹಳಷ್ಟು ಮಾದರಿಗಳಿಗೆ ತಾವು ನಿಂತಿರೋ ಭಂಗಿ ಮುಖ್ಯ. ನೆಟ್ಟಗೆ ಇದ್ದದ್ದನ್ನ ಜಾಗ ಸಾಲದು ಅಂತ ಅಡ್ಡ ಮಲಗಿಸಿದ್ರೆ ಪಟ್ಟಿಯ ಭಾರವೇ ಲೆಕ್ಕ ತಪ್ಪಿಸುತ್ತೆ.

ಒಂದು ಡೇರಿಯ ಬೆಳಗಿನ ಕಾಟ

ಈಗ ಒಂದು ನಿಜವಾದ ತೊಂದರೆ ನೋಡೋಣ. ದಕ್ಷಿಣ ಕರ್ನಾಟಕದ ಒಂದು ಹಾಲಿನ ಡೇರಿ. ಹೆಸರು ಬೇಡ. ಹಾಲನ್ನ 72 ಡಿಗ್ರಿಗೆ ಕಡಿಮೆ ಇಲ್ಲದ ಹಾಗೆ ಕಾಯಿಸಿ, ಕನಿಷ್ಠ 15 ಸೆಕೆಂಡ್ ಹಾಗೇ ಹಿಡಿದಿಟ್ಟು, ತಕ್ಷಣ ತಣಿಸೋದಕ್ಕೆ ಪಾಶ್ಚರೀಕರಣ ಅಂತೀವಿ. ಕ್ಷಯ, ಕ್ಯೂ ಜ್ವರದಂಥ ರೋಗಾಣುಗಳು ಸಾಯಲಿ ಅಂತ ಇಟ್ಟ ಲೆಕ್ಕ ಇದು. ಹಾಲು ಅಷ್ಟು ಕಾಯದೇ ಇದ್ರೆ ಡೈವರ್ಷನ್ ವಾಲ್ವ್ ಅನ್ನೋ ಕಾವಲುಗಾರ ಅದನ್ನ ಮುಂದೆ ಬಿಡದೆ ಮತ್ತೆ ಹಿಂದಿನ ತೊಟ್ಟಿಗೇ ಕಳಿಸುತ್ತೆ.

ಅಲ್ಲಿ ಹಾಲನ್ನ ಕಾಯಿಸೋ ಬಿಸಿನೀರಿಗೆ ಹಬೆ ಬಿಡೋ ಕಂಟ್ರೋಲ್ ವಾಲ್ವ್ ಒಂದು ಐ ಟು ಪಿ ಮಾತು ಕೇಳಿಕೊಂಡು ನಡೀತಿತ್ತು. ದಿನಾ ಬೆಳಿಗ್ಗೆ 5ಕ್ಕೆ ಮೆಷಿನ್ ಶುರು ಮಾಡಿದ್ರೆ ತಾಪಮಾನ ಒಂದು ಕಡೆ ನಿಲ್ಲೋದೇ ಇಲ್ಲ. 76ರಲ್ಲಿ ನಿಲ್ಲಬೇಕಾದದ್ದು 81ಕ್ಕೆ ಏರಿ, 70ಕ್ಕೆ ಇಳಿದು, ಮತ್ತೆ ಏರಿ. ಇಳಿದಾಗಲೆಲ್ಲ ಹಾಲು ವಾಪಸ್. ಒಂದೆರಡು ಗಂಟೆ ಕಳೆದರೆ ತಾನಾಗಿಯೇ ಸುಧಾರಿಸುತ್ತೆ. ಮಾರನೇ ದಿನ ಮತ್ತೆ ಅದೇ ಕಥೆ. ಐದು ತಿಂಗಳಲ್ಲಿ ಎರಡು ಸಲ ಐ ಟು ಪಿ ಬದಲಾಯಿಸಿದ್ರು. ಹೊಸದು ಹಾಕಿದ ಮೇಲೆ ಕೆಲವು ವಾರ ಚೆನ್ನಾಗಿರುತ್ತೆ, ಆಮೇಲೆ ಅದಕ್ಕೂ ಅದೇ ಕಾಯಿಲೆ. ಮೂರನೇದಕ್ಕೆ ಖರೀದಿ ಅರ್ಜಿ ಸಿದ್ಧವಾಗಿತ್ತು.

ನನ್ನನ್ನ ಕರೆಸಿದ್ದು ‘ಸಾಫ್ಟ್‌ವೇರ್ ಟ್ಯೂನಿಂಗ್ ಸರಿಯಿಲ್ಲ’ ಅಂತ. ಇನ್ನೊಂದು ಕಡೆ, ಇನ್‌ಸ್ಟ್ರುಮೆಂಟ್ ನೋಡಿಕೊಳ್ಳೋ ಹಿರಿಯ ಟೆಕ್ನಿಷಿಯನ್ ಮೇಲೂ ದೂರು. ಅವರು ಗುತ್ತಿಗೆ ನೌಕರ. ಎಲ್ಲರೂ ಅವರನ್ನ ಅಣ್ಣ ಅಂತಲೇ ಕರೀತಿದ್ರು. ಎರಡು ಸಲ ಅವರೇ ಬಿಚ್ಚಿ ಹಾಕಿದ್ದರಿಂದ ‘ಇವರ ಕೈಗುಣವೇ ಸರಿಯಿಲ್ಲ’ ಅನ್ನೋ ಮಾತು ಶುರುವಾಗಿತ್ತು. ಆ ವರ್ಷ ಅವರ ಗುತ್ತಿಗೆ ಮುಂದುವರಿಯೋದು ಬಿಡೋದು ಈ ಡಬ್ಬಿಯ ಮೇಲೆ ನಿಂತಿತ್ತು ಅಂದ್ರೂ ತಪ್ಪಿಲ್ಲ.

ನಾನು ಹೋದ ಬೆಳಿಗ್ಗೆಯೂ ಅದೇ ಕಾಟ. ಹೊರಗೆ ಟ್ಯಾಂಕರ್ ಸಾಲು ನಿಂತಿದೆ, ಪ್ಯಾಕೆಟ್ ಒಯ್ಯೋ ಗಾಡಿಗಳ ಡ್ರೈವರ್‌ಗಳು ಕೂಗಾಡ್ತಿದ್ದಾರೆ. ಶಿಫ್ಟ್ ಇನ್‌ಚಾರ್ಜ್ ಬಂದು ಮೆಲ್ಲಗೆ ಕೇಳಿದ್ರು, “ಸಾರ್, ಆ ಡೈವರ್ಷನ್ ಲಿಮಿಟ್ಟನ್ನ ಎರಡು ಡಿಗ್ರಿ ಇಳಿಸಿಬಿಡಿ. ಪಾಸ್‌ವರ್ಡ್ ನಿಮ್ಮ ಹತ್ರಾನೇ ಇದೆಯಲ್ಲ?”

ಇತ್ತು. ಎರಡು ಕ್ಲಿಕ್ಕಿನ ಕೆಲಸ. ಆದರೆ ಆ ಲಿಮಿಟ್ ಇಳಿಸೋದು ಅಂದ್ರೆ ಕಾಯದ ಹಾಲನ್ನ ಊರಿನ ಮಕ್ಕಳಿಗೆ ಕಳಿಸೋದು ಅಂತ ಅರ್ಥ. “ಅದನ್ನ ಮಾತ್ರ ಮುಟ್ಟಲ್ಲ, ಅರ್ಧ ಗಂಟೆ ಕೊಡಿ” ಅಂದೆ. ಅಣ್ಣ ಪಕ್ಕದಲ್ಲೇ ಇದ್ರು. “ಬನ್ನಿ ಸಾರ್, ಮೊದ್ಲು ಮನೆ ಭಾಗ ಮಾಡೋಣ” ಅಂದ್ರು. ತೊಂದರೆ ಯಾರ ಪಾಲಿಗೆ ಸೇರಿದ್ದು ಅಂತ ಹಂಚೋದಕ್ಕೆ ಅವರು ಇಟ್ಟ ಹೆಸರು ಅದು.

ಮನೆ ಭಾಗ ಮಾಡೋದು

ಇದು ಅಣ್ಣನ ಕ್ರಮ. ಪುಸ್ತಕದ ಕ್ರಮವೂ ಹೆಚ್ಚುಕಡಿಮೆ ಇದೇ. ನೀವು ಕೋಡ್‌ನಲ್ಲಿ ಬಗ್ ಹುಡುಕುವಾಗ ಅರ್ಧಕ್ಕೆ ಸೀಳಿ, ಆ ಕಡೆಯೋ ಈ ಕಡೆಯೋ ಅಂತ ನೋಡ್ತೀರಲ್ಲ, ಅದೇ ರೀತಿ.

ಎಲ್ಲಕ್ಕಿಂತ ಮೊದಲು, ಹೇಳಿ ಮುಟ್ಟಿ. ಕಂಟ್ರೋಲ್ ರೂಮಿಗೆ ತಿಳಿಸಿ ಲೂಪನ್ನ ಮ್ಯಾನ್ಯುಯಲ್‌ಗೆ ಹಾಕಿಸಬೇಕು. ಹಬೆಯ ಲೈನನ್ನ ಕೈವಾಲ್ವಿನಿಂದ ಮುಚ್ಚಿಸಬೇಕು. ಓಡ್ತಿರೋ ಲೈನಿನಲ್ಲಿ ಗಾಳಿಯ ಟ್ಯೂಬ್ ಕಿತ್ತರೆ ವಾಲ್ವ್ ಒಂದೇ ಏಟಿಗೆ ಮುಚ್ಚಿಯೋ ತೆರೆದೋ ಅನಾಹುತ ಆಗಬಹುದು. ಬೆಂಕಿ ಹತ್ತೋ ಅನಿಲ ಇರೋ ಜಾಗ ಆದ್ರೆ ಪರ್ಮಿಟ್ ಇಲ್ಲದೆ ಮುಚ್ಚಳ ತೆಗೆಯೋ ಹಾಗಿಲ್ಲ, ಸಾಧಾರಣ ಮೀಟರ್ ಹಚ್ಚೋ ಹಾಗೂ ಇಲ್ಲ.

ಮೊದಲ ಭಾಗ ವಿದ್ಯುತ್ತು. ಐ ಟು ಪಿ ಟರ್ಮಿನಲ್ ಹತ್ತಿರವೇ ಮೀಟರನ್ನ ಸರಣಿಯಲ್ಲಿ ಸೇರಿಸಿ ಮಿಲಿ ಆಂಪ್ ನೋಡಬೇಕು. ಪ್ಯಾನೆಲ್ ಹತ್ತಿರ ನೋಡಿದ್ರೆ ಸಾಲದು, ನಡುವಿನ ಜಂಕ್ಷನ್ ಬಾಕ್ಸಿನಲ್ಲಿ ನೀರು ಹೊಕ್ಕಿದ್ರೆ ಅಲ್ಲಿ 12 ಹೊರಟದ್ದು ಇಲ್ಲಿಗೆ ತಲುಪುವಾಗ ಕಡಿಮೆಯಾಗಿರುತ್ತೆ. ಏನೂ ಬರದಿದ್ರೆ ತಂತಿ ಅಥವಾ ಫ್ಯೂಸ್. 4, 8, 12 ಸರಿ ಬಂದು 17ರ ಹತ್ತಿರ ಮೇಲಕ್ಕೇ ಏರದೆ ನಿಂತರೆ ಲೂಪಿನ ರೆಸಿಸ್ಟೆನ್ಸ್ ಹೆಚ್ಚಾಗಿದೆ ಅಂತ ಅನುಮಾನಿಸಿ. ತುಕ್ಕು ಹಿಡಿದ ಟರ್ಮಿನಲ್ ಇದ್ದಾಗ ಕಾರ್ಡಿಗೆ ಅಷ್ಟು ದೂರ ತಳ್ಳೋ ತಾಕತ್ತು ಸಾಲೋದಿಲ್ಲ. ಸಪ್ಲೈ ತೆಗೆದು, ತಂತಿ ಬಿಚ್ಚಿ, ಸುರುಳಿಯ ಓಮ್ ನೋಡಿ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಂಕಿಗೆ ಹೋಲಿಸಿದ್ರೆ ಸುರುಳಿ ಬದುಕಿದೆಯಾ ಅಂತಲೂ ಗೊತ್ತಾಗುತ್ತೆ.

ನಮ್ಮ ಡೇರಿಯಲ್ಲಿ ಸ್ಕ್ರೀನ್‌ನಿಂದ 50% ಕೊಟ್ಟೆ. ಮೀಟರ್ 12.0 ತೋರಿಸ್ತು. ಐದು ನಿಮಿಷ ಅಲುಗಾಡಲಿಲ್ಲ. ಅಲ್ಲಿಗೆ ಪ್ರೋಗ್ರಾಂ, ಕಾರ್ಡ್, ಕೇಬಲ್ ಮೂರೂ ಪಟ್ಟಿಯಿಂದ ಹೊರಗೆ.

ಎರಡನೇ ಭಾಗ ಒಳಗೆ ಬರೋ ಗಾಳಿ. ರೆಗ್ಯುಲೇಟರ್ ಗೇಜ್ 20 ತೋರಿಸ್ತಿದ್ರೆ ಸರಿ ಅಂತ ನಂಬಿಬಿಡಬೇಡಿ. ವಾಲ್ವ್ ನಿಂತಿರುವಾಗ 20, ಹೊರಟಾಗ 14ಕ್ಕೆ ಕುಸಿದರೆ ಫಿಲ್ಟರ್ ಕಟ್ಟಿಕೊಂಡಿದೆ ಅಂತ ಅರ್ಥ. ಮನೆಯ ನಲ್ಲಿಯಲ್ಲಿ ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರಿಗೆ ನೀರು ಸಣ್ಣಗಾಗೋ ಹಾಗೆ. ಹಾಗಾಗಿ ಗೇಜನ್ನ ವಾಲ್ವ್ ಚಲಿಸುವಾಗ ನೋಡಬೇಕು. ನಮ್ಮಲ್ಲಿ 20 ಇದ್ದದ್ದು 19ರವರೆಗೆ ಇಳಿದು ವಾಪಸ್ ಬಂತು. ಒತ್ತಡಕ್ಕೆ ಕೊರತೆ ಇರಲಿಲ್ಲ.

ಮೂರನೇ ಭಾಗ ಹೊರಗೆ ಹೋಗೋ ಗಾಳಿ. ವಾಲ್ವಿಗೆ ಹೋಗೋ ಟ್ಯೂಬ್ ಬಿಚ್ಚಿ, ಆ ಜಾಗಕ್ಕೆ ನಂಬಿಕಸ್ಥ ಟೆಸ್ಟ್ ಗೇಜ್ ಹಾಕಿ ಮುಚ್ಚಿಬಿಡಿ. ಈಗ ವಾಲ್ವ್ ಕಥೆಯಿಂದ ಹೊರಗಾಯಿತು. ಇಲ್ಲಿ 4ರಿಂದ 20ಕ್ಕೆ ಹತ್ತಿಸಿ, ಮತ್ತೆ ಇಳಿಸಿ ಬರೆದುಕೊಳ್ಳಿ. ಗೇಜ್‌ನಲ್ಲಿ ಎಲ್ಲ ಸರಿ ಬಂದು, ವಾಲ್ವ್ ಜೋಡಿಸಿದಾಗ ಮಾತ್ರ ತೊಂದರೆ ಆದ್ರೆ ಟ್ಯೂಬ್ ಸೋರ್ತಿದೆ, ಡಯಾಫ್ರಮ್ ಹರಿದಿದೆ, ಇಲ್ಲಾ ವಾಲ್ವೇ ಬಿಗಿ ಹಿಡಿದಿದೆ. ಸೋರಿಕೆಗೆ ಸೋಪಿನ ನೀರು ಸಾಕು, ಗುಳ್ಳೆ ತಾನೇ ಜಾಗ ತೋರಿಸುತ್ತೆ. ಹತ್ತುವಾಗಲೂ ಇಳಿಯುವಾಗಲೂ ಒತ್ತಡ ಒಂದೇ ಇದ್ದು ವಾಲ್ವಿನ ದಂಡ ಮಾತ್ರ ಬೇರೆ ಬೇರೆ ಕಡೆ ನಿಂತರೆ ತಪ್ಪು ವಾಲ್ವಿನ ಪ್ಯಾಕಿಂಗಿನದ್ದು. ಒತ್ತಡವೇ ಬೇರೆ ಬಂದರೆ ಐ ಟು ಪಿಯದ್ದು.

ನಮ್ಮ ಗೇಜ್ ಈ ಹಂತದಲ್ಲಿ ಬಾಯಿಬಿಡ್ತು. 12 ಮಿಲಿ ಆಂಪ್ ಅಲುಗದೆ ನಿಂತಿದೆ, ಒಳಗಿನ ಗಾಳಿ 20ರಲ್ಲಿ ನಿಂತಿದೆ, ಹೊರಗಿನದು 9 ಇರಬೇಕು. ಅದು 7.5ರಲ್ಲಿ ಶುರುವಾಗಿ, ತೆವಳಿಕೊಂಡು 8.8ಕ್ಕೆ ಹೋಗಿ, ಮತ್ತೆ ಕುಸೀತಿತ್ತು. ವಾಲ್ವಿಗೆ ಇಂಥ ಗಾಳಿ ಸಿಕ್ಕರೆ ತಾಪಮಾನ ಕುಣಿಯದೆ ಇನ್ನೇನು ಮಾಡುತ್ತೆ?

ಡಬ್ಬಿ ಕೆಟ್ಟದ್ದು ಯಾಕೆ?

ಇಲ್ಲಿಗೆ ನಿಂತಿದ್ರೆ ‘ಐ ಟು ಪಿ ಹೋಗಿದೆ, ಬದಲಾಯಿಸಿ’ ಅಂತ ಬರೆದು ಬರಬಹುದಿತ್ತು. ಹಿಂದೆ ಎರಡು ಸಲ ಆಗಿದ್ದು ಅದೇ. ಅಣ್ಣ ಏನೂ ಮಾತಾಡದೆ ಫಿಲ್ಟರ್ ರೆಗ್ಯುಲೇಟರ್ ತಳದ ಡ್ರೈನ್ ತಿರುಗಿಸಿದ್ರು. ಮಜ್ಜಿಗೆಯಂಥ ಬೆಳ್ಳನೆ ನೀರು ಚೆಲ್ಲಿತು. ಕಂಪ್ರೆಸರಿನ ಎಣ್ಣೆ, ನೀರು ಎರಡೂ ಸೇರಿ ಕಡೆದ ಹಾಗೆ ಆಗಿತ್ತು. ಡಬ್ಬಿ ಬಿಚ್ಚಿ ಒಳಗಿನ ಸಣ್ಣ ತೂತನ್ನ ಬೆಳಕಿಗೆ ಹಿಡಿದರೆ ಕಂದು ಬಣ್ಣದ ಅಂಟು. ಅಣ್ಣ ಗುಜರಿ ಡಬ್ಬದಿಂದ ಹಿಂದಿನ ಎರಡು ಐ ಟು ಪಿಗಳನ್ನೂ ತಂದ್ರು. ಬಿಸಾಡದೆ ಎತ್ತಿಟ್ಟಿದ್ದು ಒಳ್ಳೇದಾಯ್ತು. ಎರಡರಲ್ಲೂ ಅದೇ ಅಂಟು, ಅದೇ ಜಾಗದಲ್ಲಿ.

ಈ ತೂತಿನ ವಿಷಯ ನೆನಪಿಟ್ಟುಕೊಳ್ಳಿ, ಲಕ್ಷಣ ನೋಡಿಯೇ ಜಾಗ ಊಹಿಸಬಹುದು. ನಾಝಲ್‌ಗೆ ಗಾಳಿ ಕೊಡೋ ತೂತು ಕಟ್ಟಿದ್ರೆ ನಾಝಲ್‌ಗೆ ಗಾಳಿಯೇ ಸಾಲದೆ ಒತ್ತಡ ಕೆಳಗೇ ಉಳಿಯುತ್ತೆ. ಅದೇ ನಾಝಲ್ ಬಾಯಿ ಕಟ್ಟಿದ್ರೆ ಗಾಳಿ ಹೊರಗೆ ಹೋಗಲಾಗದೆ ಒತ್ತಡ ಮೇಲಕ್ಕೆ ಹೋಗಿ ಕೂತುಬಿಡುತ್ತೆ. ಕೆಳಗೆ ಸಿಕ್ಕಿಕೊಂಡಿದ್ರೆ ತೂತು, ಮೇಲೆ ಸಿಕ್ಕಿಕೊಂಡಿದ್ರೆ ನಾಝಲ್. ಸಾಮಾನ್ಯ ಮಾದರಿಗಳಿಗೆ ಈ ಸೂತ್ರ ಸಾಕು. ಸ್ವಚ್ಛ ಮಾಡುವಾಗ ಸಿಕ್ಕ ಸಿಕ್ಕ ಸೂಜಿ ಹಾಕಬೇಡಿ. ತೂತು ಕೂದಲೆಳೆಯಷ್ಟು ಅಗಲವಾದ್ರೂ ಡಬ್ಬಿಯ ಲೆಕ್ಕವೇ ಬದಲಾಗುತ್ತೆ. ತಯಾರಕರು ಹೇಳಿದ ತಂತಿ, ಹೇಳಿದ ದ್ರಾವಣವೇ ಆಗಬೇಕು.

ನೀರು ಬಂದದ್ದು ಎಲ್ಲಿಂದ? ಗಾಳಿಯ ಲೈನ್ ಹಿಡಿದು ಹಿಂದಕ್ಕೆ ನಡೆದೆವು. ಕಂಪ್ರೆಸರ್ ಕೋಣೆಯ ದೊಡ್ಡ ಟ್ಯಾಂಕಿನ ತಳದಲ್ಲಿ ನೀರು ತಾನಾಗಿ ಹೊರಗೆ ಹೋಗೋಕೆ ಇಟ್ಟ ಆಟೊ ಡ್ರೈನ್ ಸಿಕ್ಕಿಹಾಕಿಕೊಂಡಿತ್ತು. ಟ್ಯಾಂಕಿನಲ್ಲಿ ನೀರು ತುಂಬುತ್ತಾ ಬಂದು ಡ್ರೈಯರಿಗೆ ತಡೆಯಲಾಗದಷ್ಟು ತೇವ ಹೋಗ್ತಿತ್ತು. ರಾತ್ರಿ ಎಲ್ಲ ನಿಲ್ಲಿಸಿದಾಗ ಲೈನ್ ತಣ್ಣಗಾಗಿ ತೇವ ಹನಿಯಾಗುತ್ತೆ. ಬೆಳಿಗ್ಗೆ 5ಕ್ಕೆ ಶುರು ಮಾಡಿದ ಕೂಡಲೇ ಅಷ್ಟೂ ನೀರು ಪೈಪಿನ ತುದಿಯಲ್ಲಿರೋ ಡಬ್ಬಿಗೆ. ಒಂದೆರಡು ಗಂಟೆಯಲ್ಲಿ ಗಾಳಿ ಅದನ್ನ ಒಣಗಿಸ್ತಾ ಬರುತ್ತೆ, ತೊಂದರೆ ಮಾಯ. ಬೆಳಿಗ್ಗೆ ಮಾತ್ರ ಬರೋ ಕಾಟದ ಗುಟ್ಟು ಇಷ್ಟೇ.

ಇನ್‌ಸ್ಟ್ರುಮೆಂಟಿಗೆ ಕೊಡೋ ಗಾಳಿ ಹೇಗಿರಬೇಕು ಅನ್ನೋದಕ್ಕೆ ಐಎಸ್‌ಎ ಸಂಸ್ಥೆಯ ಮಾನದಂಡ ಇದೆ. ಲೈನಿನ ಒತ್ತಡದಲ್ಲಿ ಗಾಳಿಯ ಡ್ಯೂ ಪಾಯಿಂಟ್ ಆ ಜಾಗದ ಅತಿ ಕಡಿಮೆ ತಾಪಮಾನಕ್ಕಿಂತ ಕನಿಷ್ಠ 10 ಡಿಗ್ರಿ ಕೆಳಗಿರಬೇಕು. ಅಂದ್ರೆ ಎಂಥ ಚಳಿಯ ರಾತ್ರಿಯಲ್ಲೂ ಪೈಪಿನೊಳಗೆ ಇಬ್ಬನಿ ಕಟ್ಟಬಾರದು. ಧೂಳಿನ ಕಣ 40 ಮೈಕ್ರಾನ್ ಮೀರಬಾರದು. ಎಣ್ಣೆ ಸೊನ್ನೆಗೆ ಹತ್ತಿರ, ಹೆಚ್ಚೆಂದರೆ ಹತ್ತು ಲಕ್ಷದಲ್ಲಿ 1 ಪಾಲು. ಚಕ್ರಕ್ಕೆ ಗಾಳಿ ತುಂಬೋ ಕಂಪ್ರೆಸರಿಗೂ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ಗಾಳಿಗೂ ಇರೋ ವ್ಯತ್ಯಾಸ ಇದು.

ಆ ದಿನ ಟ್ಯಾಂಕ್ ಖಾಲಿ ಮಾಡಿ, ಆಟೊ ಡ್ರೈನ್ ಬಿಚ್ಚಿ ಸರಿಮಾಡಿ, ಫಿಲ್ಟರ್ ಎಲಿಮೆಂಟ್ ಬದಲಾಯಿಸಿ, ಲೈನ್ ಊದಿ, ಡಬ್ಬಿ ಸ್ವಚ್ಛ ಮಾಡಿದ್ರು. 12ಕ್ಕೆ 9 ಬಂತು, ನಿಂತಿತು. ಮಾರನೇ ಬೆಳಿಗ್ಗೆ 5ಕ್ಕೆ ಶುರು ಮಾಡಿದಾಗ ತಾಪಮಾನ 76ರ ಆಸುಪಾಸಿನಲ್ಲೇ ಇತ್ತು. ಹಾಲು ಒಂದು ಸಲವೂ ವಾಪಸ್ ಹೋಗಲಿಲ್ಲ. ಮೂರನೇ ಐ ಟು ಪಿಯ ಖರೀದಿ ಅರ್ಜಿ ರದ್ದಾಯಿತು. ನನ್ನ ವರದಿಯಲ್ಲಿ ಮೂರೂ ಡಬ್ಬಿಗಳ ಫೋಟೊ ಹಾಕಿ, ಕಾರಣ ಕಂಪ್ರೆಸರ್ ಕೋಣೆಯಲ್ಲಿತ್ತು, ಬಿಚ್ಚಿ ಹಾಕಿದವರ ಕೈಯಲ್ಲಿ ಅಲ್ಲ ಅಂತ ಸ್ಪಷ್ಟವಾಗಿ ಬರೆದೆ. ಅಣ್ಣನ ಗುತ್ತಿಗೆ ಮುಂದುವರೀತು.

ಸ್ಕ್ರೂ ಕೊನೆಗೆ

ಐ ಟು ಪಿ ಮೇಲೆ ಎರಡು ಸ್ಕ್ರೂ ಇರುತ್ತೆ, ಝೀರೊ ಮತ್ತು ಸ್ಪ್ಯಾನ್. ತೊಂದರೆ ಅಂದ ಕೂಡಲೇ ಸ್ಕ್ರೂ ಡ್ರೈವರ್ ಹಿಡಿದು ಅವನ್ನ ತಿರುಗಿಸೋದು ಬಹಳ ಜನರ ಅಭ್ಯಾಸ. ಶಾಲೆಯಲ್ಲಿ ಓದಿದ ಸರಳರೇಖೆಯ ಸಮೀಕರಣ ನೆನಪಿಸಿಕೊಳ್ಳಿ. ಝೀರೊ ಇಡೀ ರೇಖೆಯನ್ನ ಮೇಲೆ ಕೆಳಗೆ ಸರಿಸುತ್ತೆ, ಸ್ಪ್ಯಾನ್ ಅದರ ಓರೆಯನ್ನ ಬದಲಿಸುತ್ತೆ. ಐದೂ ಬಿಂದುಗಳಲ್ಲಿ ಒಂದೇ ಅಳತೆಯ ತಪ್ಪು ಬಂದರೆ ಝೀರೊ. ಮೇಲೆ ಹೋದಂತೆ ತಪ್ಪು ಬೆಳೀತಾ ಹೋದರೆ ಸ್ಪ್ಯಾನ್. ಒಂದನ್ನ ತಿರುಗಿಸಿದ್ರೆ ಇನ್ನೊಂದೂ ಅಲುಗುತ್ತೆ, ಹಾಗಾಗಿ ಎರಡು ಮೂರು ಸುತ್ತು ನೋಡಬೇಕು. ಆದರೆ ಒಂದೇ ಮಿಲಿ ಆಂಪಿಗೆ ಒಂದೊಂದು ಸಲ ಒಂದೊಂದು ಉತ್ತರ ಬರ್ತಿದ್ರೆ ಅದು ಸ್ಕ್ರೂವಿನ ಕಾಯಿಲೆಯೇ ಅಲ್ಲ. ಅಲ್ಲಿ ಕೊಳೆ, ನೀರು, ಸಡಿಲ ತಂತಿ ಅಥವಾ ನಡುಕ ಇದೆ.

ಡೇರಿಯಲ್ಲಿ ನಮ್ಮ ಮುಂದೆ ತಿರುಗಿಸೋಕೆ ಮೂರು ಸ್ಕ್ರೂ ಇದ್ದವು ಅಂತ ನನಗೆ ಅನ್ನಿಸುತ್ತೆ. ಒಂದು ಡಬ್ಬಿಯ ಮೇಲೆ. ಇನ್ನೊಂದು ನನ್ನ ಲ್ಯಾಪ್‌ಟಾಪ್‌ನಲ್ಲಿ, ಪಿಐಡಿ ಟ್ಯೂನಿಂಗ್. ಅದನ್ನ ನಿಧಾನ ಮಾಡಿದ್ರೆ ತಾಪಮಾನದ ಕುಣಿತ ಸ್ವಲ್ಪ ಕಡಿಮೆ ಆಗಿ, ಬೆಳಗಿನ ಗ್ರಾಫ್ ನೋಡೋಕೆ ಚೆನ್ನಾಗಿ ಕಾಣ್ತಿತ್ತು. ಮೂರನೇದು ಡೈವರ್ಷನ್ ಲಿಮಿಟ್. ಮೂರರಲ್ಲಿ ಯಾವುದನ್ನ ಮುಟ್ಟಿದ್ರೂ ಟ್ಯಾಂಕಿನ ನೀರು ಅಲ್ಲೇ ಇರ್ತಿತ್ತು, ಅದು ಇದೆ ಅಂತ ಹೇಳೋ ಲಕ್ಷಣ ಮಾತ್ರ ಮಾಯ ಆಗ್ತಿತ್ತು. ತೊಂದರೆಯ ಜಾಗ ಸಿಗೋ ಮೊದಲು ಮಾಡಿದ ಹೊಂದಾಣಿಕೆ ರಿಪೇರಿ ಅಲ್ಲ, ಮುಚ್ಚಳ. ಸಾಫ್ಟ್‌ವೇರ್ ಕೈಯಲ್ಲಿರೋ ನಮಗೆ ಇಂಥ ಮುಚ್ಚಳ ಹಾಕೋದು ಉಳಿದವರಿಗಿಂತ ಸುಲಭ, ಯಾರಿಗೂ ಕಾಣಿಸೋದೂ ಇಲ್ಲ. ಆದ್ದರಿಂದಲೇ ನಾವು ಹೆಚ್ಚು ಹುಷಾರಾಗಿರಬೇಕು.

ಆ ಡೇರಿಯ ಸ್ಕ್ರೀನ್‌ನಲ್ಲಿ ಆಮೇಲೆ ಮೂರು ಬದಲಾವಣೆ ಮಾಡಿದೆ. ‘ವಾಲ್ವ್’ ಅಂತ ಇದ್ದ ಕಡೆ ‘ವಾಲ್ವಿಗೆ ಕೊಟ್ಟ ಆಜ್ಞೆ’ ಅಂತ ಬರೆದೆ. ವಾಲ್ವಿಗೆ ಸ್ಥಾನ ತಿಳಿಸೋ ಟ್ರಾನ್ಸ್‌ಮಿಟರ್ ಹಾಕಿಸಿದ ಮೇಲೆ ಅದರ ಅಂಕಿಯನ್ನ ಪಕ್ಕದಲ್ಲೇ ತೋರಿಸಿ, ಎರಡಕ್ಕೂ ಹೆಚ್ಚು ಹೊತ್ತು ತಾಳೆ ಆಗದಿದ್ರೆ ಅಲಾರಂ ಬರೋ ಹಾಗೆ ಮಾಡಿದೆ. ಡೈವರ್ಷನ್ ಲಿಮಿಟ್ ಬದಲಾಯಿಸೋ ಅಧಿಕಾರವನ್ನ ನಮ್ಮ ಪಾಸ್‌ವರ್ಡಿನಿಂದ ತೆಗೆದು ಗುಣಮಟ್ಟ ವಿಭಾಗಕ್ಕೆ ಒಪ್ಪಿಸಿದೆವು. ಇನ್ನೊಂದು ಬದಲಾವಣೆಗೆ ಕೋಡೇ ಬೇಕಾಗಲಿಲ್ಲ. ಪ್ರತಿ ಶಿಫ್ಟಿನಲ್ಲಿ ಒಬ್ಬರು ಹೋಗಿ ಫಿಲ್ಟರ್ ಡ್ರೈನ್ ತಿರುಗಿಸಿ, ನೀರು ಬಂತೋ ಇಲ್ಲವೋ ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕ್ತಾರೆ.

ನೀವು ಇಂಥ ಕೆಲಸಕ್ಕೆ ಹೋಗೋದಿದ್ರೆ ಬ್ಯಾಗಿನಲ್ಲಿ ಇರಬೇಕಾದದ್ದು ಸ್ವಲ್ಪವೇ. ಮಿಲಿ ಆಂಪ್ ಅಳೆಯೋಕೂ ಕೊಡೋಕೂ ಬರೋ ಒಂದು ಮೀಟರ್, 0ರಿಂದ 30 ಪಿಎಸ್‌ಐ ಟೆಸ್ಟ್ ಗೇಜ್, ಒಂದೆರಡು ಅಡಿ ಟ್ಯೂಬ್, ಫಿಟಿಂಗ್‌ಗಳು, ಸೋಪಿನ ನೀರಿನ ಬಾಟಲಿ, ಒಂದು ನೋಟ್‌ಬುಕ್. ಬಿಚ್ಚೋ ಮೊದಲು ಅಂಕಿ ಬರೆದುಕೊಳ್ಳಿ. ತೆಗೆದ ಹಳೇ ಭಾಗವನ್ನ ಎಸೆಯೋ ಮೊದಲು ಒಡೆದು ನೋಡಿ. ಮತ್ತೆ, ಆ ಪ್ಲಾಂಟಿನಲ್ಲಿ ಹತ್ತಾರು ವರ್ಷ ಇದ್ದ ಅಣ್ಣನೋ ಅಕ್ಕನೋ ಇದ್ದೇ ಇರ್ತಾರೆ. ಲ್ಯಾಪ್‌ಟಾಪ್ ತೆಗೆಯೋ ಮೊದಲು ಅವರ ಜೊತೆ ಒಂದು ಟೀ ಕುಡಿಯಿರಿ.

ಮುಂದಿನ ಸಲ ವಾಲ್ವ್ ಪೊಸಿಷನರ್ ಬಗ್ಗೆ ಬರೀತೀನಿ. ನಿಮ್ಮ ಪ್ಲಾಂಟಿನಲ್ಲಿ ‘ಬೆಳಿಗ್ಗೆ ಮಾತ್ರ’, ‘ಮಳೆ ಬಂದಾಗ ಮಾತ್ರ’ ಅನ್ನೋ ಥರದ ಕಾಟ ಇದ್ರೆ ಬರೆದು ಕಳಿಸಿ. ಅಂಥ ‘ಮಾತ್ರ’ಗಳಲ್ಲೇ ಅರ್ಧ ಉತ್ತರ ಇರುತ್ತೆ.